ಒಂದು ಕೆಜಿ ಒಣಮೆಣಸಿನಕಾಯಿ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಂಗಡಿ ಇಟ್ಟಿದ್ದ ಫಕ್ಕೀರಪ್ಪನಿಗೆ ತಕ್ಕಡಿ ಹಿಡಿದ ಯಾರ ಮೇಲೂ ನಂಬಿಕೆಯಿರಲಿಲ್ಲ. ಹೆಂಡತಿಯೊಂದಿಗೆ ಕೊರಿಯಾ ನೋಡಲು ಬಂದವನು ಅಲ್ಲಿನ ಹಳೇ ಪೇಟೆಯೊಂದರಲ್ಲಿ ಒಂದು ಕೆಜಿ ಒಣಮೆಣಸಿನಕಾಯಿ ಕೊಂಡ. ತೂಗಿದ ಮೇಲೆ ಅಂಗಡಿಯ ಅಜ್ಜಿ ಚೀಲವನ್ನು ಬುಟ್ಟಿಗಳ ಹಿಂದಕ್ಕೆ ಇಳಿಸಿ ಒಳಗೆ ಕೈಯಾಡಿಸಿದ್ದು ಅವನ ಕಣ್ಣಿಗೆ ಬಿತ್ತು.

"ಮುದುಕಿ ಒಂದು ಹಿಡಿ ತಗದ್ಲು, ನೋಡಿದೇನ?" ಎಂದು ಹೆಂಡತಿಯನ್ನು ತಿವಿದ.

"ಸುಮ್ನಿರ್ರೀ. ಎಷ್ಟು ಚಂದ ನಗಾಕತ್ತಾಳ."

"ನಗೋರನ್ನ ನಂಬಬ್ಯಾಡ. ತೂಗೂಮುಂದ ನಾನೂ ಹಿಂಗ ನಗತೀನಿ."

ಮತ್ತೊಮ್ಮೆ ತೂಗೆಂದು ಸನ್ನೆ ಮಾಡಿದ. ಬೇಡ ಬೇಡವೆಂದು ಅಜ್ಜಿ ಎರಡೂ ಕೈ ಅಲ್ಲಾಡಿಸಿದಳು.

"ನೋಡು, ಹೆಂಗ ಗಾಬರಿ ಆದ್ಲು!"

"ಮಂದಿ ನಿಂತು ನೋಡಾಕತ್ತಾರ, ಬರ್ರೀ."

ಅವನು ಬಿಡಲಿಲ್ಲ. ಪಕ್ಕದ ಅಂಗಡಿಯ ತಕ್ಕಡಿಯ ಮೇಲೆ ಚೀಲ ಕುಕ್ಕಿದ. ಮುಳ್ಳು ಒಂದು ಕೆಜಿ ದಾಟಿ ಇನ್ನಷ್ಟು ಮುಂದಕ್ಕೆ ಹೋಗಿ ನಿಂತಿತು.

"ಪಾಪ, ಕೊಸರು ಹಾಕ್ಯಾಳ್ರೀ," ಎಂದಳು ಹೆಂಡತಿ.

ಅಜ್ಜಿ ಮುಳ್ಳನ್ನು ನೋಡಿದಳು, ಅವನ ಮುಖ ನೋಡಿದಳು. ತಪ್ಪಾಯಿತೆಂಬಂತೆ ನಡು ಬಗ್ಗಿಸಿ, ತೂಕ ಸರಿಯಾಗಿ ಒಂದು ಕೆಜಿಗೆ ಬಂದು ನಿಲ್ಲುವವರೆಗೂ ಮೆಣಸಿನಕಾಯಿಗಳನ್ನು ಒಂದೊಂದಾಗಿ ವಾಪಸ್ಸು ತೆಗೆದುಕೊಂಡಳು.