ಬಂದೂಕಿಗೆ ಸೀರೆಯ ಪಟ್ಟಿ

ಬಡಿಗರ ಅಂಗಡಿಯಿಂದ ಕುದಿಯುವ ಅಂಟಿನ ವಾಸನೆ ಬಂದರೆ ಈಗಲೂ ನನ್ನ ಕಾಲು ಅಲ್ಲೇ ನಿಲ್ಲುತ್ತದೆ.

ಅಂದು ಆಯುಧ ಪೂಜೆ. ಕೂಡ್ಲಿಗಿ ಹತ್ತಿರದ ನಮ್ಮ ಮನೆಯಲ್ಲಿ ಅಜ್ಜಿ ನೇಗಿಲು, ಕುಡುಗೋಲುಗಳ ಜೊತೆ ಅಜ್ಜನ ಬಂದೂಕನ್ನೂ ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಅಂಗಳದ ಬಿಸಿಲಿಗೆ ಒಣಗಲು ಇಟ್ಟಿದ್ದಳು. ಮಧ್ಯಾಹ್ನದ ಹೊತ್ತಿಗೆ ಅದರ ಮರದ ಹಿಡಿ ಉದ್ದಕ್ಕೆ ಸೀಳು ಬಿಟ್ಟಿತ್ತು. ಶೇಂಗಾ ಹೊಲಕ್ಕೆ ಕರಡಿ, ಹಂದಿ ಇಳಿಯುವ ಕಾಲ. ಗಾಳಿಗೆ ಒಂದು ಗುಂಡು ಹಾರಿಸಿದರೆ ಓಡುತ್ತಿದ್ದವು. ಬಂದೂಕಿಲ್ಲದೆ ಅಜ್ಜ ಕಾವಲಿಗೆ ಹೋಗುವಂತಿರಲಿಲ್ಲ.

"ಬಂದೂಕಿಗೆ ಯಾರರ ನೀರು ಹಾಕ್ತಾರೇನು?" ಎಂದು ಅಜ್ಜ ಕೂಗಾಡಿದ.

"ಪೂಜಿಗೆ ಇಡೋದನ್ನ ತೊಳೀದಂಗ ಇಡಾಕಾಗ್ತೈತೇನ್ರಿ?" ಎಂದಳು ಅಜ್ಜಿ.

ಅಜ್ಜ ಗೊಣಗುತ್ತಲೇ ಬಡಿಗರಿಂದ ಅಂಟು ತಂದು ಕುದಿಸಿದ. ಅದರ ನಾತಕ್ಕೆ ನಾನು ಮೂಗು ಮುಚ್ಚಿಕೊಂಡೆ. ಸೀಳಿನೊಳಗೆ ಅಂಟು ತುಂಬಿ ಅವನು ಹಗ್ಗ ಹುಡುಕುವಷ್ಟರಲ್ಲಿ, ಅಜ್ಜಿ ತನ್ನ ಹಳೆಯ ಇಳಕಲ್ ಸೀರೆಯ ಅಂಚನ್ನು ಪರ್ರನೆ ಹರಿದು ತಂದಳು. ಅವನು ಹಿಡಿಯನ್ನು ಒತ್ತಿ ಹಿಡಿದ, ಅವಳು ಸುತ್ತಿದಳು.

"ಇನ್ನೂ ಬಿಗಿ ಎಳಿ."

"ನಿಮ್ಮ ಬೆರಳು ಸಿಗ್ತೈತ್ರಿ, ತಗೀರಿ."

ಗಂಟು ಹಾಕಿ ಅಜ್ಜಿ ಹೇಳಿದಳು: "ಒಣಗಿದ ಮ್ಯಾಲೆ ಬಿಚ್ಚಿಬಿಡ್ರಿ. ಸೀರಿ ಅಂಚು ನೋಡಿ ಮಂದಿ ನಗ್ತಾರ."

ಶೇಂಗಾ ಮನೆಗೆ ಬಂತು, ಬೇಸಿಗೆಯೂ ಬಂತು. ಬಂದೂಕು ಕೆಂಪು ಪಟ್ಟಿ ಸುತ್ತಿಕೊಂಡೇ ಗೋಡೆಯ ಮೇಲಿತ್ತು. ಅಜ್ಜಿ ಕೇಳಿದಾಗಲೆಲ್ಲ ಅಜ್ಜ ಅದನ್ನೊಮ್ಮೆ ಬೆರಳಿನಿಂದ ಮುಟ್ಟಿ ನೋಡಿ ಹೇಳುತ್ತಿದ್ದ:

"ಇನ್ನೂ ಹಸಿ ಐತಿ, ಬಿಡು."