ರೆಕ್ಕೆಯ ಆಚೆಗಿನ ಚಂದ್ರ

ಗುಡ್ಡೇಪಾಳ್ಯದ ಆಕಾಶವನ್ನು ಸರ್ಕಾರ ಸರಕು ಸಾಗಿಸುವ ಕಂಪನಿಗೆ ಮಾರಿತು. ಡ್ರೋನುಗಳಿಂದ ಪೆಟ್ಟಿಗೆ ಜಾರಿ ಜನರ ತಲೆಯ ಮೇಲೆ ಬೀಳಬಾರದೆಂದು ಇಡೀ ಪಾಳ್ಯಕ್ಕೆ ತಗಡು ಹೊದಿಸಿದರು.

ಆಮೇಲೆ ಹುಟ್ಟಿದ ಮಕ್ಕಳಿಗೆ ತಾಯಂದಿರು ಟ್ಯೂಬ್‌ಲೈಟು ತೋರಿಸಿ ಅನ್ನ ತಿನ್ನಿಸಿದರು. ಪಿಳ್ಳಮ್ಮನ ಮೊಮ್ಮಕ್ಕಳೂ ಹಾಗೇ ಬೆಳೆದರು.

ಭಾನುವಾರ ಸಂಜೆ ಅವಳೂ ಮಗಳು ರತ್ನಿಯೂ ಮಕ್ಕಳಿಬ್ಬರನ್ನು ವಿಮಾನಗಳ ಮ್ಯೂಸಿಯಮ್ಮಿಗೆ ಕರೆತಂದರು. ಹಳೆಯ ವಿಮಾನ ನಿಲ್ಲಿಸಿದ್ದ ಅಂಗಳಕ್ಕೆ ಮಾತ್ರ ತಗಡಿರಲಿಲ್ಲ. ಅದರ ರೆಕ್ಕೆಯ ಆಚೆ, ಇನ್ನೂ ಬೆಳಕಿದ್ದ ಆಕಾಶದಲ್ಲಿ, ಅರ್ಧ ಚಂದ್ರ ಕಾಣುತ್ತಿದ್ದ.

"ಅಜ್ಜಿ, ಆ ಲೈಟು ಯಾರು ಹಾಕಿದ್ದು?" ಎಂದಳು ಚಿಕ್ಕವಳು ಚೆನ್ನಿ.

"ಯಾರೂ ಹಾಕಿಲ್ಲ ಕಣವ್ವ. ಅವನೇ ಚಂದಮಾಮ."

"ಮತ್ತೆ ವೈರೆಲ್ಲಿ?" ಎಂದು ಅಣ್ಣ ಮುದ್ದ ಹುಡುಕಿದ.

ರತ್ನಿ ನಕ್ಕಳು. ಆಮೇಲೆ ಮುಖ ತಿರುಗಿಸಿಕೊಂಡಳು. "ನಂಗೆ ದಿನಾ ತೋರಿಸ್ತಿದ್ದೆ ಅಲ್ವೇನವ್ವ?"

"ತೋರಿಸ್ತಿದ್ದೆ. ನೀನು ತಲೆ ಎತ್ತಿದ್ರೆ ತಾನೇ? ಇವತ್ತಲ್ಲದಿದ್ರೆ ನಾಳೆ ನೋಡ್ತಾಳೆ, ಅವನೆಲ್ಲಿಗೆ ಹೋಗ್ತಾನೆ ಅಂತ ನಾನೂ ಸುಮ್ಮನಾಗ್ತಿದ್ದೆ."

ಪಿಳ್ಳಮ್ಮ ನೆಲದ ಮೇಲೆ ಕೂತು ಮೊಸರನ್ನದ ಡಬ್ಬಿ ಬಿಚ್ಚಿದಳು. ಚೆನ್ನಿಗೆ ಚಂದ್ರನನ್ನು ತೋರಿಸಿ ಬಾಯಿಗೆ ತುತ್ತಿಟ್ಟಳು. ಮಗು ಅಗಿಯುವುದನ್ನೂ ಮರೆತು ನೋಡುತ್ತಿತ್ತು.

ಕಾವಲುಗಾರ ಬಂದ. "ಅಮ್ಮಾ, ಇಲ್ಲಿ ತಿನ್ನಂಗಿಲ್ಲ. ಟೈಮೂ ಆಯ್ತು. ಡಬ್ಬಿ ಮುಚ್ಕೊಂಡು ಏಳಿ."

ಪಿಳ್ಳಮ್ಮ ಮುದ್ದನನ್ನು ಹತ್ತಿರಕ್ಕೆಳೆದುಕೊಂಡು ಇನ್ನೊಂದು ತುತ್ತು ಕಲಸಿದಳು.

"ಮುಚ್ಚಲ್ಲ ಕಣಪ್ಪ. ಇವನಿನ್ನೂ ಉಂಡಿಲ್ಲ."