ಕಪ್ಪು ವೈರು

ವನಮಾಲ ನಾಲ್ಕು ಜನರೆದುರು ಬಾಯಿ ಬಿಟ್ಟವಳಲ್ಲ. ಸಿಕ್ಕಿದ ಕೆಲಸವೂ ಮನೆಯಲ್ಲೇ ಕೂತು ಮಾಡುವಂಥದ್ದು. ಇಂಟರ್ನೆಟ್ ಇಲ್ಲದಿದ್ದರೆ ಅದೂ ಇಲ್ಲ. ಕೇಬಲ್‌ನವನು ಬಂದಾಗ ಅಣ್ಣ ಕೂತಲ್ಲಿಂದಲೇ ಅಪ್ಪಣೆ ಮಾಡಿದ.

"ಹಾಲ್‌ನಲ್ಲೇ ಹಾಕಪ್ಪ, ಎಲ್ಲರ ಕಣ್ಣೆದುರು. ಬಾಗಿಲು ಹಾಕ್ಕೊಂಡು ಯಾರ ಜೊತೆ ಮಾತಾಡ್ತಾಳೋ, ಯಾರಿಗೆ ಗೊತ್ತು."

ಕೇಬಲ್‌ನವನು ತೆಳ್ಳನೆಯ ಬಿಳಿ ವೈರು ತೆಗೆದ.

"ಅದು ಬೇಡ," ಎಂದಳು ವನಮಾಲ. "ಸ್ಟೀಲ್ ತಂತಿ ಇರೋ ಕಪ್ಪು ವೈರು ಹಾಕಿ."

"ಅದು ಕಂಬದಿಂದ ಎಳೆಯೋಕೆ ಮೇಡಂ, ಬಿಸಿಲು ಮಳೆ ತಡೆಯುತ್ತೆ. ಒಳಗೆ ಇದೇ ಸಾಕು."

ಅಣ್ಣ ನಕ್ಕ. "ನಿನಗೇ ಪಾಠ ಹೇಳ್ತಾಳೆ ನೋಡು. ಹೆಂಗಾದ್ರೂ ಮಾಡಿ ತನ್ನ ರೂಮಿಗೆ ಎಳೆಸ್ಕೊಳ್ಳೋ ಉಪಾಯ."

"ರೂಮಿಗೂ ಬೇಡ, ಹಾಲಿಗೂ ಬೇಡ." ಅವಳು ಕಿಟಕಿಯಾಚೆ ಕೈ ತೋರಿಸಿದಳು. "ಆ ಎದುರು ಮನೆ ಮಹಡಿಗೆ ಎಳೀರಿ. ನಿನ್ನೆ ಬಾಡಿಗೆಗೆ ಹಿಡಿದೆ."